ಕರೆಂಟು ಹಗಲಿಗೆ ಬಂದರೂ ಮರಳದ ನಿದ್ದೆ: ಒಂದು ಆಪ್ತಸಲಹೆ ಪ್ರಕರಣ

ಮಂಡ್ಯ ಸೀಮೆಯ ಕಬ್ಬು ಬೆಳೆಗಾರರೊಬ್ಬರು, ಐವತ್ತರ ಆಸುಪಾಸಿನವರು, ಪತ್ನಿಯ ಒತ್ತಾಯಕ್ಕೆ ಮಣಿದು ನನ್ನಲ್ಲಿಗೆ ಬಂದಿದ್ದರು. ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ; ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬೇಸಿಗೆಯಲ್ಲಿ ಅವರ ಊರಿನ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲೇ ಹೆಚ್ಚಾಗಿ ಬರುತ್ತಿದ್ದುದರಿಂದ, ಮಧ್ಯರಾತ್ರಿ ಎದ್ದು ಟಾರ್ಚ್ ಹಿಡಿದು ಗದ್ದೆಗೆ ಹೋಗಿ ನೀರು ಕಟ್ಟಿ, ಬೆಳಗಿನ ಜಾವ ಮನೆಗೆ ಬಂದು ಮಲಗುವುದೇ ವಾಡಿಕೆಯಾಗಿತ್ತು. ಮಳೆ ಹಿಡಿದು, ಪಾಳಿ ಹಗಲಿಗೆ ಬದಲಾಗಿ, ರಾತ್ರಿ ಹೊರಗೆ ಕಾಲಿಡುವ ಅಗತ್ಯವೇ ಇಲ್ಲವಾದ ಮೇಲೂ ಅವರ ನಿದ್ದೆ ಮಾತ್ರ ಹಿಂದಿರುಗಿರಲಿಲ್ಲ.

"ನಿದ್ದೇನೆ ಬರಾಕಿಲ್ಲ ಕಣ್ರೀ ಮೇಡಮ್, ಸುಮ್ಕೆ ಬಿದ್ದಿರ್ತೀನಿ" ಎಂದು ಅವರು ಹೇಳಿದ ಮಾತಿನಲ್ಲೇ ಸಮಸ್ಯೆಯ ಎಳೆ ಇತ್ತು. ಎಷ್ಟು ಹೊತ್ತು ಬಿದ್ದಿರುತ್ತೀರಿ ಎಂದು ವಿಚಾರಿಸಿದಾಗ, ಕಳೆದುಕೊಂಡ ನಿದ್ದೆಯನ್ನು ತುಂಬಿಕೊಳ್ಳಬೇಕೆಂಬ ಆಸೆಯಿಂದ ರಾತ್ರಿ ಎಂಟೂವರೆಗೇ ಹಾಸಿಗೆ ಸೇರಿ, ಬೆಳಿಗ್ಗೆ ಏಳರವರೆಗೆ ಮೇಲೇಳದೆ ಇರುತ್ತಾರೆಂಬುದು ತಿಳಿಯಿತು. ಒಂದು ವಾರ ನಿದ್ದೆಯ ಲೆಕ್ಕ ಬರೆಯಲು ಹೇಳಿದೆ. ಗಡಿಯಾರ ನೋಡದೆ, ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆದರೆ ಸಾಕೆಂದೆ. ಹತ್ತೂವರೆ ಗಂಟೆ ಹಾಸಿಗೆಯಲ್ಲಿದ್ದು ಅವರು ಸರಾಸರಿ ಐದೂವರೆ ಗಂಟೆ ಮಾತ್ರ ನಿದ್ರಿಸುತ್ತಿದ್ದರು. ಉಳಿದ ಐದು ಗಂಟೆಯೂ ಹೊರಳಾಟವೇ. ಇದಲ್ಲದೆ, ಸಂಜೆ ಮುದ್ದೆ ಉಂಡು ಟಿ.ವಿ. ಮುಂದೆ ಕುಳಿತಲ್ಲೇ ತೂಕಡಿಸುವುದೂ ಇತ್ತೆಂದು ಅವರ ಪತ್ನಿ ನೆನಪಿಸಿದರು.

ಇನ್ನೊಂದು ಸಂಗತಿಯನ್ನು ಅವರು ಕೇಳದೆ ಹೇಳಿರಲಿಲ್ಲ. ಕರೆಂಟು ಬಂದಾಗ ಮೋಟಾರಿನ ಸ್ಟಾರ್ಟರ್‌ನಿಂದ ಮೊಬೈಲಿಗೆ ಕರೆ ಬರುವ ವ್ಯವಸ್ಥೆಯನ್ನು ಅವರು ಮಾಡಿಸಿಕೊಂಡಿದ್ದರು. ರಾತ್ರಿ ಪಾಳಿ ಮುಗಿದು ತಿಂಗಳುಗಳೇ ಆಗಿದ್ದರೂ ಆ ಮೊಬೈಲು ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಕರೆ ಬರದಿದ್ದರೂ ಹಿಂದೆ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಎಚ್ಚರವಾಗಿ, ಕೈ ತಾನಾಗಿ ಅದನ್ನು ಹುಡುಕಿ, ಹೊತ್ತು ಎಷ್ಟಾಯಿತೆಂದು ನೋಡುತ್ತಿತ್ತು. ಹಾಸಿಗೆಯೆಂದರೆ ಕಾಯುತ್ತಾ ಎಚ್ಚರವಾಗಿರುವ ಜಾಗವೆಂದು ಮನಸ್ಸು ಕಲಿತುಬಿಟ್ಟಿತ್ತು.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ಹಿಡಿದು, ಸಾಲ ಎಷ್ಟಿದೆ, ಯಾರೊಂದಿಗೆ ವ್ಯಾಜ್ಯವಿದೆ ಎಂದು ನೆಂಟರಿಷ್ಟರು ಅವರನ್ನು ಕೇಳಿ ಕೇಳಿ ನೋಯಿಸಿದ್ದರು. ಅವರ ವಿಷಯದಲ್ಲಿ ನಿದ್ದೆ ಹೋದದ್ದು ಮೊದಲು, ಚಿಂತೆ ಹುಟ್ಟಿದ್ದು ಆಮೇಲೆ; ಆ ಚಿಂತೆಯೂ ನಿದ್ದೆಯ ಕುರಿತೇ ಆಗಿತ್ತು. ನಿದ್ರಾಹೀನತೆಯನ್ನು ಶುರುಮಾಡಿದ ಕಾರಣವೂ ಅದನ್ನು ಮುಂದುವರಿಸುತ್ತಿರುವ ಕಾರಣವೂ ಬೇರೆ ಬೇರೆ ಇರಬಹುದೆಂಬುದನ್ನು ಇಂಥವರ ಮನೆಯವರು ತಿಳಿಯಲೇಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಸಲಹೆಗೆ ಮೊದಲು ವೈದ್ಯರ ತಪಾಸಣೆ ಮಾಡಿಸಿದೆವು. ಜೋರು ಗೊರಕೆಯಾಗಲೀ ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದಾಗಲೀ ಇಲ್ಲವೆಂದು ಪತ್ನಿ ಖಚಿತಪಡಿಸಿದರು. ಇದ್ದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತಿತ್ತು. ಥೈರಾಯ್ಡ್ ಸರಿಯಿತ್ತು, ರಕ್ತದ ಸಕ್ಕರೆ ತುಸು ಏರಿತ್ತು. ಇದಕ್ಕೂ ನಿದ್ದೆಗೂ ಏನು ಸಂಬಂಧವೆಂದು ಅವರು ಕೇಳಿದಾಗ, 1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ಯುವಕರಿಗೆ ಆರು ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಲು ಅವಕಾಶ ಕೊಟ್ಟು ಪರೀಕ್ಷಿಸಿದಾಗ, ಅಷ್ಟರಲ್ಲೇ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಕುಗ್ಗಿದ್ದನ್ನು ಕಂಡರೆಂದು ವಿವರಿಸಿದೆ. ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ ರಕ್ತದೊತ್ತಡ ಇಳಿದು ಹೃದಯಕ್ಕೆ ಬಿಡುವು ಸಿಗುತ್ತದೆ. ಕಲಿತದ್ದು ನೆನಪಿನಲ್ಲಿ ನೆಲೆಯೂರುವುದೂ ನಿದ್ದೆಯಲ್ಲೇ. ಆದರೆ ನಿದ್ದೆ ಸರಿಹೋದರೆ ಸಕ್ಕರೆಯೂ ತಾನಾಗಿ ಇಳಿಯುತ್ತದೆಂಬ ಭರವಸೆಯನ್ನು ನಾನು ಕೊಡಲಿಲ್ಲ. ಅದಕ್ಕೆ ವೈದ್ಯರು ಹೇಳಿದ ಪಥ್ಯ ಬೇರೆಯಾಗಿಯೇ ನಡೆಯಬೇಕಿತ್ತು.

ನಾನು ಕೊಟ್ಟ ಮುಖ್ಯ ಸಲಹೆ ಕೇಳಿ ದಂಪತಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಹೆಚ್ಚಿಸಬಾರದು, ಕಡಿಮೆ ಮಾಡಬೇಕು. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತಾ ನಿದ್ದೆಯ ಒತ್ತಡ ಹೆಚ್ಚುತ್ತದೆ. ಸಂಜೆಯ ತೂಕಡಿಕೆ ಆ ಒತ್ತಡವನ್ನು ಇಳಿಸಿಬಿಡುತ್ತದೆ. ಊಟಕ್ಕೆ ಮುಂಚೆ ತಿಂಡಿ ತಿಂದವನಿಗೆ ಮುದ್ದೆ ಸೇರುವುದಿಲ್ಲವಲ್ಲ, ಹಾಗೆ ಎಂದಾಗ ಅವರಿಗೆ ವಿಷಯ ಹಿಡಿಸಿತು. ನಿದ್ರಾ ಸಂಶೋಧಕ ಆರ್ಥರ್ ಸ್ಪೀಲ್‌ಮನ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ವಿವರಿಸಿದ, ಹಾಸಿಗೆಯ ಹೊತ್ತನ್ನು ಕಡಿಮೆ ಮಾಡುವ ಈ ಕ್ರಮ ಇಂದು ನಿದ್ರಾಹೀನತೆಯ ಅರಿವು–ವರ್ತನಾ ಚಿಕಿತ್ಸೆಯ, ಅಂದರೆ ನಿದ್ದೆಯ ಕುರಿತ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯ, ಮುಖ್ಯ ಅಂಗವಾಗಿದೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯರ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದೆ.

ಏಳುವ ಹೊತ್ತನ್ನು ಮೊದಲು ಗೊತ್ತುಮಾಡಿದೆವು. ನಿದ್ದೆಗೆಟ್ಟ ಅಪ್ಪನಿಗೆ ತೊಂದರೆ ಬೇಡವೆಂದು ಮಗನೇ ಕೆಲವು ತಿಂಗಳಿಂದ ಹಸು ಕರೆದು ಡೇರಿಗೆ ಹಾಲು ಹಾಕಿ ಬರುತ್ತಿದ್ದ. ಆ ಕೆಲಸವನ್ನು ಅವರೇ ಮರಳಿ ವಹಿಸಿಕೊಳ್ಳಬೇಕೆಂದೆ. ರಾತ್ರಿ ಹೇಗೇ ಕಳೆದಿರಲಿ, ಐದೂಕಾಲಿಗೆ ಏಳಲೇಬೇಕು. ಹಸು ಕಾಯುವುದಿಲ್ಲ, ಡೇರಿಯೂ ಕಾಯುವುದಿಲ್ಲ. ಕ್ಯಾನು ಹಿಡಿದು ಡೇರಿಗೆ ನಡೆದು ಹೋಗಿಬರುವಾಗ ಕಣ್ಣಿಗೆ ಬೀಳುವ ಬೆಳಗಿನ ಬೆಳಕು ದೇಹದ ಒಳಗಡಿಯಾರವನ್ನು ಹೊಂದಿಸುತ್ತದೆ. ಭಾನುವಾರವೂ ರಜೆಯಿಲ್ಲದ ಕೆಲಸವಾದುದರಿಂದ ಕ್ರಮ ತಪ್ಪುವ ಅವಕಾಶವೂ ಇರಲಿಲ್ಲ. ಇಂಥ ಮನೆಗೆಲಸವೊಂದು ಜೊತೆಗಿದ್ದರೆ ಸಲಹೆ ಎಷ್ಟು ಚೆನ್ನಾಗಿ ಊರಿಕೊಳ್ಳುತ್ತದೆಂಬುದನ್ನು ನಾನು ಪದೇ ಪದೇ ಕಂಡಿದ್ದೇನೆ.

ಮಲಗುವ ಹೊತ್ತು ಹನ್ನೊಂದೂವರೆ. ಅಲ್ಲಿಯವರೆಗೆ ಎಚ್ಚರವಾಗಿರಿಸುವ ಹೊಣೆಯನ್ನು ಪತ್ನಿ ಒಪ್ಪಿಕೊಂಡರು: ಟಿ.ವಿ. ಬದಲು ಜಗಲಿಯಲ್ಲಿ ಮಾತು, ಅವರೆಕಾಯಿ ಸುಲಿಯುವುದು, ಕೊಟ್ಟಿಗೆಗೊಮ್ಮೆ ಹೋಗಿಬರುವುದು. ಮಲಗಿದ ಮೇಲೆ ನಿದ್ದೆ ಬಾರದೆ ಕಿರಿಕಿರಿ ಶುರುವಾದರೆ ಎದ್ದು ಪಡಸಾಲೆಯ ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆಯತೊಡಗಿದ ಮೇಲಷ್ಟೇ ಹಾಸಿಗೆಗೆ ಮರಳಬೇಕು. ಮೊಬೈಲು ಮಗನ ಕೋಣೆಗೆ ಹೋಯಿತು. ಕಾಫಿ, ಟೀ ಕುಡಿದ ಐದಾರು ಗಂಟೆಗಳ ನಂತರವೂ ಕೆಫೀನಿನ ಅರ್ಧದಷ್ಟು ದೇಹದಲ್ಲಿ ಉಳಿದಿರುವುದರಿಂದ, ಮಧ್ಯಾಹ್ನದ ಊಟದ ನಂತರ ಅವೆರಡೂ ಬೇಡವೆಂದೆ.

ನಿದ್ದೆ ಬರಲೆಂದು ಆಗೊಮ್ಮೆ ಈಗೊಮ್ಮೆ ಕುಡಿಯುತ್ತಿದ್ದುದನ್ನೂ, ಅಣ್ಣನಿಗೆ ವೈದ್ಯರು ಬರೆದುಕೊಟ್ಟಿದ್ದ ನಿದ್ದೆ ಮಾತ್ರೆಯನ್ನು ಕೆಲವು ಸಲ ನುಂಗಿದ್ದನ್ನೂ ಅವರು ಪತ್ನಿ ಹೊರಗೆ ಹೋದಾಗ ತಿಳಿಸಿದರು. ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೆಯ ಭಾಗವನ್ನು ಕೆಡಿಸುತ್ತದೆ. ಅದರೊಂದಿಗೆ ನಿದ್ದೆ ಮಾತ್ರೆ ಸೇರಿದರೆ ಉಸಿರಾಟವೇ ಕುಗ್ಗಿ ಜೀವಕ್ಕೆ ಅಪಾಯವಾಗಬಹುದು. ಇದನ್ನು ಸ್ಪಷ್ಟವಾಗಿ, ಗದರಿಸದೆ ಹೇಳಿದೆ. ಅವರು ನಿತ್ಯ ಮಾತ್ರೆ ನುಂಗುವವರಾಗಿರಲಿಲ್ಲವಾದ್ದರಿಂದ ನಿಲ್ಲಿಸುವುದು ಕಷ್ಟವಾಗಲಿಲ್ಲ; ಬಹುಕಾಲ ತೆಗೆದುಕೊಂಡವರು ವೈದ್ಯರನ್ನು ಕೇಳದೆ ಥಟ್ಟನೆ ಬಿಡಬಾರದು.

ಮೊದಲ ವಾರ ಬಹಳ ಕಷ್ಟವಾಯಿತು. ಹಗಲು ಮಂಪರು ಕವಿಯುವುದೆಂದು ಮುಂಚಿತವಾಗಿಯೇ ಎಚ್ಚರಿಸಿ, ಟ್ರ್ಯಾಕ್ಟರ್ ಮತ್ತು ಬೈಕನ್ನು ಮಗನಿಗೆ ಒಪ್ಪಿಸಲು ಹೇಳಿದ್ದೆ. ಎರಡನೆಯ ವಾರದ ಹೊತ್ತಿಗೆ ಮಲಗಿದ ಕೂಡಲೇ ನಿದ್ದೆ ಹತ್ತತೊಡಗಿತು. ಹಾಸಿಗೆಯಲ್ಲಿದ್ದ ಹೊತ್ತಿನ ಶೇಕಡಾ 85ಕ್ಕಿಂತ ಹೆಚ್ಚು ನಿದ್ದೆಯೇ ಆದಾಗ ಮಲಗುವ ಹೊತ್ತನ್ನು ಹದಿನೈದು ನಿಮಿಷ ಹಿಂದಕ್ಕೆ ಸರಿಸುತ್ತಾ ಬಂದೆವು. ನಡುವೆ ತಂಗಿಯ ಮಗಳ ಮದುವೆಯ ಓಡಾಟದಲ್ಲಿ ಕ್ರಮ ತಪ್ಪಿ, ಕೆಲವು ರಾತ್ರಿ ಹಳೆಯ ಹೊರಳಾಟ ಮರುಕಳಿಸಿತು. ಬೇಗ ಮಲಗಿ ಅದನ್ನು ತುಂಬಿಕೊಳ್ಳಲು ಹೋಗದೆ, ಏಳುವ ಹೊತ್ತನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಈಗ ಅವರು ಹತ್ತೂಕಾಲಿಗೆ ಮಲಗುತ್ತಾರೆ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ; ಅವರು ಅದರ ಹತ್ತಿರ ತಲುಪಿದ್ದಾರೆ.

ಮೂರ್ಛೆರೋಗ, ಬೈಪೋಲಾರ್ ಕಾಯಿಲೆ ಇರುವವರು, ಗರ್ಭಿಣಿಯರು ಮತ್ತು ಗೊರಕೆಯೊಂದಿಗೆ ಉಸಿರು ಕಟ್ಟುವವರು ಈ ಕ್ರಮವನ್ನು ತಾವಾಗಿ ಮಾಡಿಕೊಳ್ಳಬಾರದು, ವೈದ್ಯರನ್ನು ಕಾಣಬೇಕು. ನಿದ್ದೆಗೇಡಿನ ಜೊತೆ ಬದುಕೇ ಬೇಡವೆನ್ನಿಸುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಬೇಸಿಗೆಗೆ ಮತ್ತೆ ರಾತ್ರಿ ಪಾಳಿ ಬರಬಹುದೆಂಬುದನ್ನು ಕೊನೆಯ ಭೇಟಿಯಲ್ಲಿ ಚರ್ಚಿಸಿದೆವು. ನೀರು ಕಟ್ಟುವ ಕೆಲಸವನ್ನು ಅಪ್ಪ ಮಗ ಸರದಿಯಲ್ಲಿ ಹಂಚಿಕೊಳ್ಳುವುದು, ಪಾಳಿಯ ದಿನ ಗದ್ದೆಗೆ ಹೋಗುವ ಮುಂಚೆ ಸ್ವಲ್ಪ ಮಲಗುವುದು, ಬೆಳಿಗ್ಗೆ ಬಂದಾಗ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಕತ್ತಲು ಮಾಡಿಕೊಳ್ಳುವುದು, ಪಾಳಿ ಮುಗಿದ ದಿನವೇ ಮೊಬೈಲನ್ನು ಮಗನಿಗೆ ಕೊಡುವುದು ಎಂದು ಅವರು ನಿದ್ದೆಯ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡು ಹೋಗಿದ್ದಾರೆ.