ಬೋರ್ಡೋ ಹೊಡೆಸಿದರೂ ಕೊಳೆ ಬಂತು, ಯಾಕೆ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ. ಹೋದ ಮಳೆಗಾಲ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಅಂತ ಎರಡು ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಸಿದ್ದೆ. ಆದರೂ ಜುಲೈ ಕೊನೆಗೆ ಮರದ ಬುಡದಲ್ಲೆಲ್ಲ ಹಸಿ ಕಾಯಿ ಉದುರಿತ್ತು. ಬೋರ್ಡೋ ಬಿಟ್ಟು ಹೊಸ ಔಷಧಿ ತರಲಾ? ಬೋರ್ಡೋ ಜೊತೆಗೇ ಹುಳುವಿನ ಔಷಧಿ ಬೆರೆಸಿದರೆ ಒಂದು ಕೂಲಿ ಉಳಿಯುತ್ತದೆ ಅಲ್ವಾ?
– ಒಬ್ಬ ಓದುಗ

ಉತ್ತರ: ಔಷಧಿ ಬದಲಾಯಿಸುವ ಮೊದಲು ನಿಮ್ಮ ಡ್ರಮ್ಮಿನ ಹತ್ತಿರ ನಿಂತು ನೋಡಿ. ನಾನು ಕಂಡ ತೋಟಗಳಲ್ಲಿ ತಪ್ಪು ಜಾಸ್ತಿ ಆಗುವುದು ಕಲಸುವಾಗಲೇ. 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ, ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿನಲ್ಲಿ ಕದಡಬೇಕು. ಉಲ್ಟಾ ಸುರಿಯಬೇಡಿ. ಕಬ್ಬಿಣದ ಡ್ರಮ್ ಬೇಡವೇ ಬೇಡ. ಸುಣ್ಣ ಗಾಳಿಗೆ ಬಿದ್ದು ಹಳೆಯದಾಗಿದ್ದರೆ 1 ಕೆಜಿ ಸಾಲುವುದಿಲ್ಲ. ಅದನ್ನು ತಿಳಿಯೋದು ಸುಲಭ: ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಕಲಸಿದ ದ್ರಾವಣದಲ್ಲಿ ಅದ್ದಿ ತೆಗೆಯಿರಿ, ಅಲಗಿಗೆ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರು ಬೇಕು. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಿ, ಉಳಿದದ್ದು ನಾಳೆಗೆ ಬರುವುದಿಲ್ಲ.

ಎರಡನೆಯದು ದಿನದ ಲೆಕ್ಕ. ಬೋರ್ಡೋ ಕಾಯಿಗೆ ಹೊದಿಕೆ ಇದ್ದ ಹಾಗೆ, ಕೊಳೆತದ್ದನ್ನು ವಾಸಿ ಮಾಡುವುದಿಲ್ಲ. ಹಿಂದೆ ಮಲೆನಾಡಿನಲ್ಲಿ ಅಡಿಕೆ ಕೊನೆಗೆ (ಗೊಂಚಲಿಗೆ) ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದದ್ದೂ ಇದಕ್ಕೇ, ಕಾಯಿ ನೆನೆಯಬಾರದು ಅಂತ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬೆನ್ನು ಹತ್ತಿ ಬೋರ್ಡೋ ರೂಢಿಗೆ ತಂದರು. ನೂರು ವರ್ಷ ದಾಟಿದ ಔಷಧಿ, ಸುಮ್ನೆ ಉಳಿದಿಲ್ಲ! ಮೊದಲ ಸಲ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಮಳೆ ಬಿಡುವು ಕೊಡಲಿಲ್ಲ ಅಂತ ಎರಡನೆಯದನ್ನು ಎರಡು ವಾರ ತಳ್ಳಿದ್ದೀರಾ? ಹಾಗಿದ್ದರೆ ಜುಲೈ ಕೊನೆಯ ಉದುರಿಗೆ ಕಾರಣ ಅಲ್ಲೇ ಇದೆ.

ಬಿದ್ದ ಕಾಯಿ ಆರಿಸಿ ಸುಡಿ. ರೋಗ ಹತ್ತಿದ ಕೊನೆಯನ್ನು ಮರದಲ್ಲೇ ಬಿಟ್ಟರೆ ಮುಂದಿನ ವರ್ಷದ ಕೊಳೆಗೆ ನೀವೇ ಬೀಜ ಇಟ್ಟ ಹಾಗೆ. ಬಸಿಗಾಲುವೆಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ.

ಹುಳುವಿನ ಔಷಧಿ ಬೆರೆಸೋದು ಬೇಡ. ಸುಣ್ಣದ ಕ್ಷಾರಕ್ಕೆ ಎಷ್ಟೋ ಕೀಟನಾಶಕಗಳ ಶಕ್ತಿ ಹೋಗಿಬಿಡುತ್ತದೆ, ಕೂಲಿ ಉಳಿದರೂ ಔಷಧಿಯ ದುಡ್ಡು ಹೋಯಿತು. ಅಷ್ಟಕ್ಕೂ ಹುಳು ಕಂಡಿದೆಯಾ, ಅಥವಾ ಇರಲಿ ಅಂತ ಹೊಡೆಯುತ್ತಿದ್ದೀರಾ?

ಇನ್ನೊಂದು ಮಾತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಮೇ ಮೊದಲ ವಾರವೇ ಹೇಳಿಡಿ. ಮಳೆ ಹಿಡಿದ ಮೇಲೆ ಫೋನ್ ಮಾಡಿದರೆ ಅವನು ಎತ್ತುವುದೂ ಇಲ್ಲ.