ಕರುಳಿಗೂ ತನ್ನದೇ ಲೆಕ್ಕವಿದೆ

ಪತ್ರ: ಎರಡು ವರ್ಷದ ಹಿಂದೆ ನನ್ನ ನಾದಿನಿಗೆ ಬೊಜ್ಜಿಗಾಗಿ ಬೈಪಾಸ್ ಆಯಿತು. ಕರುಳು ತಾನೇ ಬೆಳೆದು ಹೊಂದಿಕೊಳ್ಳುತ್ತದೆ ಎಂದು ಯಾರೋ ಹೇಳಿದ ಮೇಲೆ ಮಾತ್ರೆಗಳನ್ನೆಲ್ಲ ನಿಲ್ಲಿಸಿದ್ದಾಳೆ. ಅವಳು ಮಾಡಿದ್ದು ಸರಿಯೇ? ದೇವರು ಕೊಟ್ಟ ಕರುಳನ್ನು ಹೀಗೆ ಕತ್ತರಿಸಿ ಜೋಡಿಸುವುದಾದರೂ ಸರಿಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಎರಡನೆಯ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಸಕ್ಕರೆ ಕಾಯಿಲೆಯಲ್ಲಿ ನರಳುತ್ತಿದ್ದ ಎಷ್ಟೋ ಜನರಿಗೆ ಈ ಶಸ್ತ್ರಚಿಕಿತ್ಸೆ ಉಪಕಾರ ಮಾಡಿದೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಹತೋಟಿಗೆ ಬರುವುದನ್ನು ಕಂಡು ಅಮೆರಿಕದ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು 1995ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆ ಶುರುವಾಗುವುದೇ ‘ಯಾರು ಊಹಿಸಿದ್ದರು?’ ಎಂಬ ಉದ್ಗಾರದಿಂದ. ಶಸ್ತ್ರವೈದ್ಯರಿಗೆ ಸಲ್ಲಬೇಕಾದ ನಮಸ್ಕಾರ ಸಲ್ಲಿತು.

ಆದರೆ ನನ್ನ ಪಕ್ಷಪಾತವೆಲ್ಲ ಕರುಳಿನ ಕಡೆಗೆ. ಶಾಲೆಯ ಪುಸ್ತಕಗಳು ಅದನ್ನು ಸುರುಳಿ ಸುತ್ತಿದ ಕೊಳವೆ ಎಂದು ಚಿತ್ರಿಸಿ ಕೈತೊಳೆದುಕೊಂಡವು. ಸುಮಾರು ಆರು ಮೀಟರ್ ಉದ್ದದ ಆ ಅಂಗ ತನ್ನ ಒಳಪದರವನ್ನು ನಾಲ್ಕೈದು ದಿನಕ್ಕೊಮ್ಮೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. 1912ರಷ್ಟು ಹಿಂದೆಯೇ ಫ್ಲಿಂಟ್ ಎಂಬ ಅಮೆರಿಕದ ವೈದ್ಯರು, ನಾಯಿಗಳ ಸಣ್ಣ ಕರುಳಿನ ಬಹುಪಾಲನ್ನು ತೆಗೆದರೆ ಉಳಿದ ಭಾಗದ ಬೆರಳಿನಂಥ ವಿಲ್ಲೈಗಳು ದೊಡ್ಡವಾಗುತ್ತವೆ ಎಂದು ತೋರಿಸಿದ್ದರು. ಶಸ್ತ್ರವೈದ್ಯರು ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವುದಿಲ್ಲ. 1969ರಲ್ಲಿ ಕ್ಯಾಲಿಫೋರ್ನಿಯಾದ ಪೇನ್ ಮತ್ತು ಡಿವಿಂಡ್ ವಿವರಿಸಿದ ಬೈಪಾಸ್ ನೋಡಿ: ಸಣ್ಣ ಕರುಳಿನ ಮೇಲಿನ ತುದಿಯ ಹದಿನಾಲ್ಕು ಅಂಗುಲವನ್ನು ಕೆಳತುದಿಯ ನಾಲ್ಕು ಅಂಗುಲಕ್ಕೆ ಜೋಡಿಸಿದರು, ನಡುವಿನದೆಲ್ಲ ಊಟದ ದಾರಿಯಿಂದ ಹೊರಗೆ. ತೂಕ ಇಳಿಯಿತು. ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಿಗೆ ಪ್ರಾಣಕ್ಕೇ ಎರವಾಗುವಷ್ಟು ಯಕೃತ್ತಿನ ಹಾನಿ. ಇತ್ತ ಆ ಹದಿನೆಂಟು ಅಂಗುಲ ಸುಮ್ಮನೆ ಕೂರಲಿಲ್ಲ. ಉದ್ದವಾಯಿತು, ಅಗಲವಾಯಿತು, ವಿಲ್ಲೈಗಳನ್ನು ಎತ್ತರಿಸಿಕೊಂಡು ಸಿಕ್ಕಿದ್ದನ್ನೆಲ್ಲ ಹೀರತೊಡಗಿತು. ತೂಕ ಇಳಿಯುವುದು ನಿಂತಿತು. 1980ರ ಹೊತ್ತಿಗೆ ಆ ಪದ್ಧತಿ ಮೂಲೆ ಸೇರಿತು.

ನಿಮ್ಮ ನಾದಿನಿಗೆ ಆಗಿರುವುದು ಬಹುಶಃ ಅಯೋವಾದ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಶುರುಮಾಡಿದ ಬೈಪಾಸಿನ ಪರಿಷ್ಕೃತ ರೂಪ. ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಕರುಳಿನ ಕೆಳಗಿನ ಭಾಗವನ್ನು ಎಳೆದು ತಂದು ಅದಕ್ಕೆ ಹೊಲಿಯುತ್ತಾರೆ. ಸರಿಯಾಗಿ ಅರೆಯದ ಅನ್ನ ನೇರವಾಗಿ ಬಂದು ಬೀಳುವ ಈ ತುಂಡು ದಪ್ಪವಾಗುತ್ತದೆ. ಬಾಸ್ಟನ್ನಿನ ಸಂಶೋಧಕರು ಇಲಿಗಳಲ್ಲಿ ಕಂಡು 2013ರಲ್ಲಿ ಪ್ರಕಟಿಸಿದಂತೆ, ಈ ಬೆಳವಣಿಗೆಗೆ ಅದು ರಕ್ತದಲ್ಲಿನ ಗ್ಲೂಕೋಸನ್ನೇ ಸೆಳೆದು ಉರಿಸುತ್ತದೆ. ಊಟವಾದೊಡನೆ ಅದರ ಮುಂದಿನ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನೂ ಧಾರಾಳವಾಗಿ ಸುರಿಸುತ್ತದೆ. ಈಗ ಊರೆಲ್ಲ ಮಾತಾಗಿರುವ ತೂಕ ಇಳಿಸುವ ಚುಚ್ಚುಮದ್ದುಗಳು ನಕಲು ಮಾಡುವುದು ಇದನ್ನೇ. ಚುಚ್ಚುಮದ್ದಿಗೆ ಜಾಹೀರಾತಿದೆ, ಕರುಳಿಗೆ ಯಾರೂ ಕೃತಜ್ಞತೆ ಹೇಳಿದ್ದನ್ನು ನಾನು ಕಂಡಿಲ್ಲ.

ಇಷ್ಟು ಹೊಗಳಿದೆನೆಂದು ನಾದಿನಿ ಹಿಗ್ಗುವುದು ಬೇಡ. ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಅನ್ನ ಈಗ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಬಿ-12 ಹೀರಲು ಜಠರದಿಂದ ಒಂದು ಪ್ರೋಟೀನ್ ಬರಬೇಕು, ಜಠರದ ಬಹುಪಾಲು ಕಡೆಗೂ ಈಗ ಅನ್ನ ಸುಳಿಯುವುದಿಲ್ಲ. ಉಳಿದ ಕರುಳು ಎಷ್ಟೇ ಬೆಳೆದರೂ ಈ ಕೊರತೆ ಪೂರ್ತಿ ತುಂಬುವುದಿಲ್ಲ. ಮಾತ್ರೆ ಜೀವನಪರ್ಯಂತ ಬೇಕು. ‘ಯಾರೋ ಹೇಳಿದರು’ ಎಂದು ಬರೆದಿದ್ದೀರಲ್ಲ, ಆ ಯಾರೋ ಒಬ್ಬರ ಮಾತಿಗೆ ಇಷ್ಟು ಬೆಲೆ ಕೊಟ್ಟಿದ್ದು ನನಗೆ ಬೇಸರ ತಂದಿತು.

ಪೂರ್ತಿ ತಪ್ಪು ನಿಮ್ಮದೂ ಅಲ್ಲ. ನನ್ನ ಪರಿಚಯದ ನಿವೃತ್ತ ಮೇಷ್ಟರೊಬ್ಬರಿಗೂ ಇದೇ ಶಸ್ತ್ರಚಿಕಿತ್ಸೆ ಆಗಿತ್ತು. ಬೆಳಿಗ್ಗೆ ಕಬ್ಬಿಣದ ಮಾತ್ರೆ, ಅದರ ಹಿಂದೆಯೇ ಕ್ಯಾಲ್ಸಿಯಂ, ಮೇಲೊಂದು ಲೋಟ ಸ್ಟ್ರಾಂಗ್ ಕಾಫಿ. ಕ್ಯಾಲ್ಸಿಯಮ್ಮೂ ಕಾಫಿಯೂ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ಎರಡು ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಅವರ ಡಿಸ್ಚಾರ್ಜ್ ಕಾಗದದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಅಚ್ಚ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ. ಮೇಷ್ಟರು ನಲವತ್ತರ ಆಸುಪಾಸು ವರ್ಷ ಕನ್ನಡ ಕಲಿಸಿದವರು. ಬಿಲ್ಲಿನ ಮೊತ್ತವನ್ನು ಕನ್ನಡದಲ್ಲಿ ವಿವರಿಸಿ ಹೇಳಲು ಆಸ್ಪತ್ರೆಯಲ್ಲಿ ಜನರಿದ್ದರು, ಮಾತ್ರೆಯ ಹೊತ್ತು ಹೇಳಲು ಇರಲಿಲ್ಲ. ಲಕ್ಷಗಟ್ಟಲೆ ಹಣ ಪಡೆದವರಿಗೆ ಒಂದು ಹಾಳೆ ಕನ್ನಡ ಅಚ್ಚುಹಾಕಿಸಲು ಏನು ಕಷ್ಟ?

ನಾದಿನಿಯನ್ನು ಈ ವಾರವೇ ರಕ್ತಪರೀಕ್ಷೆಗೆ ಕರೆದೊಯ್ಯಿರಿ: ಹಿಮೋಗ್ಲೋಬಿನ್, ಫೆರಿಟಿನ್, ಬಿ-12, ವಿಟಮಿನ್ ಡಿ. ಪಾದದಲ್ಲಿ ಜೋಮು, ಉರಿ ಇದ್ದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಲಿ. ಮಾತ್ರೆಯ ವೇಳಾಪಟ್ಟಿಯನ್ನು ಕನ್ನಡದಲ್ಲೇ ಬರೆಸಿಕೊಂಡು ಬನ್ನಿ. ಬರೆದು ಕೊಡುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.