ವಾಹನ ಪ್ರಶ್ನೋತ್ತರ: ಪಿಕಪ್‌ಗೆ ಹೊಸ ದೀಪ ಹಾಕಿಸುವ ಮುನ್ನ

ಪ್ರಶ್ನೆ: ನನ್ನ ಪಿಕಪ್ ಹಳೆಯದು. ಹೆಡ್‌ಲೈಟ್‌ಗಳಲ್ಲಿ 60/55 ವ್ಯಾಟ್‌ನ ಎಚ್4 ಹ್ಯಾಲೊಜೆನ್ ಬಲ್ಬ್‌ಗಳಿದ್ದು, ರಾತ್ರಿ ಅವುಗಳ ಬೆಳಕು ಸಾಲುತ್ತಿಲ್ಲ. ಬಲ್ಬ್‌ಗಳನ್ನಷ್ಟೇ ತೆಗೆದು ಎಲ್‌ಇಡಿ ಹಾಕಿಸಲೇ, ಅಥವಾ 100 ವ್ಯಾಟ್‌ನ ಹ್ಯಾಲೊಜೆನ್ ಹಾಕಿಸಿದರೆ ಸಾಕೇ?

ಉತ್ತರ: 100 ವ್ಯಾಟ್‌ನ ವಿಚಾರವನ್ನು ಕೈಬಿಡಿ. 12 ವೋಲ್ಟ್ ವ್ಯವಸ್ಥೆಯಲ್ಲಿ ಅಂಥ ಒಂದು ಬಲ್ಬ್ ಎಂಟು ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ; ಅದಕ್ಕೆಂದು ಮಾಡಿರದ ವೈರು, ಸ್ವಿಚ್ಚು ಮತ್ತು ಪ್ಲಾಸ್ಟಿಕ್ ಹೋಲ್ಡರ್ ಕಾದು ಕರಗುವ ಸಂಭವವಿದೆ.

ಯಾವುದನ್ನಾದರೂ ಕೊಳ್ಳುವ ಮೊದಲು ಈಗಿರುವ ಬಲ್ಬ್‌ಗೆ ಪೂರ್ಣ ವೋಲ್ಟೇಜ್ ತಲುಪುತ್ತಿದೆಯೇ ಎಂದು ಇಂಜಿನ್ ಚಾಲೂ ಇದ್ದಾಗ, ದೀಪ ಉರಿಯುತ್ತಿರುವಂತೆಯೇ, ಮಲ್ಟಿಮೀಟರ್ ಹಿಡಿದು ಹೋಲ್ಡರ್‌ನಲ್ಲಿ ಅಳತೆ ಮಾಡಿಸಿ. ಹ್ಯಾಲೊಜೆನ್ ಬಲ್ಬ್‌ನ ಬೆಳಕು ವೋಲ್ಟೇಜ್‌ಗಿಂತ ಬಹಳ ವೇಗವಾಗಿ ಕುಸಿಯುತ್ತದೆ: ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಶೇಕಡಾ 30ರ ಆಸುಪಾಸಿನಲ್ಲಿ ಇಳಿಯುತ್ತದೆ. ಹಳೆಯ ವಾಹನಗಳಲ್ಲಿ ತುಕ್ಕು ಹಿಡಿದ ಅರ್ಥಿಂಗ್ ಮತ್ತು ಸವೆದ ಸ್ವಿಚ್ಚುಗಳೇ ಇಷ್ಟು ನಷ್ಟ ಮಾಡಬಲ್ಲವು. ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸಿ ನಿಲ್ಲಿಸುವ ಸ್ವಿಚ್ಚು) ಮೂಲಕ ದಪ್ಪ ವೈರಿನಲ್ಲಿ ನೇರ ಸಂಪರ್ಕ ಕೊಡಿಸಿದರೆ ಹಳೆಯ ಬಲ್ಬೇ ಚೇತರಿಸಿಕೊಳ್ಳುತ್ತದೆ. ಹೊರಗಿನ ಪಾರದರ್ಶಕ ಕವಚ ಬಿಸಿಲಿಗೆ ಹಳದಿಗಟ್ಟಿದ್ದರೆ ಅದನ್ನು ಪಾಲಿಶ್ ಮಾಡಿಸುವುದೂ ಇದೇ ಹಂತದ ಕೆಲಸ.

ಇನ್ನು ಎಲ್‌ಇಡಿ. ಹೆಡ್‌ಲೈಟ್‌ನ ರಿಫ್ಲೆಕ್ಟರನ್ನು ಎಚ್4 ಬಲ್ಬ್‌ನೊಳಗೆ ಉರಿಯುವ ತಂತಿಗಳು ನಿಖರವಾಗಿ ಎಲ್ಲಿವೆಯೋ ಆ ಜಾಗವನ್ನು ಲೆಕ್ಕಕ್ಕೆ ಹಿಡಿದೇ ರೂಪಿಸಿರುತ್ತಾರೆ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆ ಕುಳಿತರೂ ಡಿಮ್ ಬೆಳಕಿನ ಮೇಲಂಚು ಕದಡಿಹೋಗಿ, ರಸ್ತೆಗೆ ಬೀಳಬೇಕಾದ ಬೆಳಕು ಎದುರಿನವರ ಕಣ್ಣಿಗೆ ಚುಚ್ಚುತ್ತದೆ. ವಾಹನದ ಮುಂದಿನ ನಾಲ್ಕು ಗಜ ಬೆಳ್ಳಗಾಗುವುದರಿಂದ ಚಾಲಕನಿಗೆ ಬೆಳಕು ಹೆಚ್ಚಾಯಿತೆಂದೇ ತೋರುತ್ತದೆ. ದೂರದ ನೋಟ ಮಾತ್ರ ಮೊದಲಿಗಿಂತ ಕಡಿಮೆಯಾಗಿರಬಹುದು. ಡಬ್ಬಿಯ ಮೇಲೆ ಮುದ್ರಿಸಿದ ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಸಂಖ್ಯೆಗೆ ನಾನಂತೂ ಹೆಚ್ಚು ಬೆಲೆ ಕೊಡುವುದಿಲ್ಲ. ಎಲ್‌ಇಡಿ ಬೇಕೇ ಬೇಕೆಂದಾದರೆ, ನಿಮ್ಮ ಮಾದರಿಗೆಂದೇ ತಯಾರಾಗಿ ಮಾನ್ಯತೆ ಪಡೆದ ಇಡೀ ಹೆಡ್‌ಲೈಟ್ ಜೋಡಣೆಯನ್ನೇ ಹಾಕಿಸುವುದು ಸರಿಯಾದ ಮಾರ್ಗ. ಬರಿಯ ಬಲ್ಬ್ ಬದಲಾವಣೆಗೆ ಎಷ್ಟೋ ದೇಶಗಳಲ್ಲಿ ಅನುಮತಿಯೂ ಇಲ್ಲ.

ಪಿಕಪ್‌ಗೇ ವಿಶೇಷವಾದ ತೊಂದರೆಯೊಂದಿದೆ. ಹಿಂದಿನ ತೊಟ್ಟಿಯಲ್ಲಿ ಭಾರ ತುಂಬಿದಾಗ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿದರೆ ಡಿಮ್ ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕೆಂಬುದು ಸಾಮಾನ್ಯ ಅಳತೆ. ವಾಹನದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಮೂತಿ ಕೇವಲ ಒಂದು ಡಿಗ್ರಿ ಎದ್ದರೂ ಅಷ್ಟೇ ದೂರದಲ್ಲಿ ಆ ಅಂಚು 17 ಸೆಂಟಿಮೀಟರ್ ಮೇಲೇರುತ್ತದೆ, ಎಂದರೆ ಇಳಿಜಾರು ಪೂರ್ತಿ ಅಳಿಸಿಹೋಗಿ ಬೆಳಕು ಆಕಾಶದ ಕಡೆ ತಿರುಗುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ದೀಪದ ಮಟ್ಟ ಇಳಿಸುವ ತಿರುಗಣೆ ಇದ್ದರೆ ಭಾರವಿದ್ದಾಗಲೆಲ್ಲ ಬಳಸಿ. ಇಲ್ಲದಿದ್ದರೆ, ಸಾಮಾನ್ಯವಾಗಿ ಒಯ್ಯುವ ಭಾರವನ್ನು ಹೇರಿಯೇ ಹೊಂದಾಣಿಕೆ ಮಾಡಿಸಿ. ಖಾಲಿ ಇರುವಾಗ ನೋಟ ತುಸು ಹತ್ತಿರವಾಗುತ್ತದೆ. ಆ ಅನಾನುಕೂಲವನ್ನು ಸಹಿಸಿಕೊಳ್ಳುವುದೇ ಮೇಲು.

ಪ್ರಶ್ನೆ: ಹಿಂದಿನ ಇಂಡಿಕೇಟರ್‌ಗಳಿಗೆ ಎಲ್‌ಇಡಿ ಹಾಕಿಸಿದ ಮೇಲೆ ಅವು ವಿಪರೀತ ವೇಗವಾಗಿ ಮಿಣುಕುತ್ತಿವೆ. ಏನು ಕಾರಣ?

ಉತ್ತರ: ಹಳೆಯ 21 ವ್ಯಾಟ್ ಬಲ್ಬ್ ಎಳೆಯುತ್ತಿದ್ದ ವಿದ್ಯುತ್ತಿನಲ್ಲಿ ಎಲ್‌ಇಡಿ ಅತ್ಯಲ್ಪ ಭಾಗವನ್ನಷ್ಟೇ ಎಳೆಯುವುದರಿಂದ, ಬಲ್ಬ್ ಸುಟ್ಟುಹೋಗಿದೆಯೆಂದು ಫ್ಲ್ಯಾಶರ್ (ಇಂಡಿಕೇಟರನ್ನು ಮಿಣುಕಿಸುವ ಸಾಧನ) ಭಾವಿಸಿ ವೇಗ ಹೆಚ್ಚಿಸುತ್ತದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಿಸಿದರೆ ಸರಿಹೋಗುತ್ತದೆ. ಅದು ಸಾಧ್ಯವಾಗದ ವಾಹನಗಳಲ್ಲಿ ಮಾತ್ರ, ಹಳೆಯ ಬಲ್ಬ್‌ನಷ್ಟೇ ವಿದ್ಯುತ್ ಎಳೆಯುವಂತೆ ಮಾಡುವ ರೆಸಿಸ್ಟರ್ ಜೋಡಿಸುತ್ತಾರೆ. ಅದು ಕೈ ಸುಡುವಷ್ಟು ಕಾಯುವ ವಸ್ತುವಾದ್ದರಿಂದ ಲೋಹದ ಮೇಲೆ ಬಿಗಿಯಬೇಕೇ ಹೊರತು ವೈರಿಗೂ ಪ್ಲಾಸ್ಟಿಕ್‌ಗೂ ತಾಗಿಸಬಾರದು. ಬ್ರೇಕ್ ದೀಪವನ್ನೂ ಬದಲಿಸುವುದಾದರೆ ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಿಸಿ. ಬಿಳಿಯದು ಅಲ್ಲಿ ಮಂಕಾಗಿ, ನಸುಗೆಂಪಾಗಿ ಕಾಣುತ್ತದೆ.

ಪ್ರಶ್ನೆ: ಕ್ಯಾಬಿನ್ ಮೇಲೆ ಉದ್ದನೆಯ ಲೈಟ್ ಬಾರ್ ಕೂರಿಸಬಹುದೇ?

ಉತ್ತರ: ರಸ್ತೆಯಿಲ್ಲದ ಜಾಗಗಳಲ್ಲಿ ಓಡಿಸುವವರಿಗೆ ಉಪಯೋಗವುಂಟು. ಸಾರ್ವಜನಿಕ ರಸ್ತೆಯಲ್ಲಿ ಬೇಡ. ಕೂರಿಸಿದರೂ ಪ್ರತ್ಯೇಕ ಫ್ಯೂಸ್, ರಿಲೇ ಮತ್ತು ಸ್ವಿಚ್ ಇರಲಿ, ರಸ್ತೆಗಿಳಿಯುವಾಗ ಮುಚ್ಚಳ ಹಾಕಿಡಿ. ಬಾನೆಟ್ ಮೇಲೆ ಬೆಳಕು ಬಿದ್ದು ಪ್ರತಿಫಲಿಸಿದರೆ ಮುಂದಿನದು ಸರಿಯಾಗಿ ಕಾಣುವುದಿಲ್ಲವಾದ್ದರಿಂದ, ಬಾರನ್ನು ಗಾಜಿನ ಅಂಚಿನಿಂದ ಸಾಕಷ್ಟು ಹಿಂದಕ್ಕೆ ಸರಿಸಿ ಬಿಗಿಸಲು ಹೇಳಿ.